ಗೊಂಬೆ ತಪ್ಪು ಓದಲಿ, ಮಕ್ಕಳು ತಿದ್ದಲಿ: ಇಬ್ಬರು ಸಚಿವರಿಗೆ ಮತ್ತು ಚಂದನ ವಾಹಿನಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಸಚಿವರೇ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವರೇ, ದೂರದರ್ಶನ ಚಂದನದ ಮುಖ್ಯಸ್ಥರೇ,

ನಮಸ್ಕಾರ. ಮೂವರಿಗೂ ಸೇರಿಸಿ ಒಂದೇ ಪತ್ರ ಬರೆದದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ. ಮೂರರಿಂದ ಆರು ವರ್ಷದ ಮಗು ಅಂಗನವಾಡಿಗೆ ಹೋಗುತ್ತದೆ, ಅದು ಒಂದು ಇಲಾಖೆ. ಒಂದನೇ ಕ್ಲಾಸಿಗೆ ಸೇರಿದ ದಿನ ಅದೇ ಮಗು ಇನ್ನೊಂದು ಇಲಾಖೆಯದಾಗುತ್ತದೆ. ಚಂದನ ವಾಹಿನಿಯಂತೂ ಪ್ರಸಾರ ಭಾರತಿಯದು. ಅಕ್ಷರ ಕಲಿಯುವ ವಯಸ್ಸು ಮಾತ್ರ ನಿಮ್ಮ ಮೂವರ ನಡುವೆ ಸಿಕ್ಕಿಕೊಂಡಿದೆ. ಒಬ್ಬರಿಗೆ ಬರೆದರೆ ‘ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಅನ್ನಬಹುದು. ಅದಕ್ಕೇ ಮೂವರ ಎದುರಿಗೂ ಹೇಳುತ್ತಿದ್ದೇನೆ.

ನಾನು ಸರ್ಕಾರಿ ಶಾಲೆಯಲ್ಲಿ ನಲಿ ಕಲಿ, ಅಂದರೆ ಪುಟ್ಟ ಮಕ್ಕಳಿಗೆ ಕಾರ್ಡು ಮತ್ತು ಚಟುವಟಿಕೆಗಳಿಂದ ಕಲಿಸುವ ಪದ್ಧತಿಯ, ತರಗತಿ ತೆಗೆದುಕೊಳ್ಳುವ ಶಿಕ್ಷಕಿ. ಕೇಳುತ್ತಿರುವುದು ಇಷ್ಟೇ. ದಿನಕ್ಕೆ ಹದಿನೈದು ನಿಮಿಷ, ಕನ್ನಡ ಅಕ್ಷರ ಕಲಿಸುವ ಗೊಂಬೆ ಕಾರ್ಯಕ್ರಮ, ಚಂದನದಲ್ಲಿ. ನಮ್ಮ ಗೊಂಬೆಯಾಟದವರೇ ಆಡಿಸಬೇಕು. ಬೇರೆ ಭಾಷೆಯದನ್ನು ತಂದು ಡಬ್ ಮಾಡಿದ್ದು ಬೇಡ. ಬೋರ್ಡಿನ ಮುಂದೆ ಮೇಷ್ಟ್ರು ನಿಂತು ಓದಿಸುವುದನ್ನೇ ಕ್ಯಾಮೆರಾ ಇಟ್ಟು ತೆಗೆದದ್ದೂ ಬೇಡ.

‘ಯೂಟ್ಯೂಬ್‌ನಲ್ಲಿ ಬೇಕಾದಷ್ಟಿದೆಯಲ್ಲ’ ಅಂತ ನೀವು ಕೇಳಬಹುದು. ಇದೆ. ಕಂಪ್ಯೂಟರಿನಲ್ಲಿ ಮಾಡಿದ ಆನೆ ಕುಣಿಯುತ್ತದೆ, ಹಿಂದೆ ಹಾಡು ಓಡುತ್ತದೆ, ಅ ಅರಸ, ಆ ಆನೆ, ಇ ಇಲಿ. ಒಂದನೇ ಕ್ಲಾಸಿಗೆ ಬರುವ ಮಕ್ಕಳಲ್ಲಿ ಎಷ್ಟೋ ಜನ ಇದನ್ನು ಅಃ ತನಕ ಒಂದೇ ಉಸಿರಿಗೆ ಹಾಡುತ್ತಾರೆ. ಹಾಡಿ ಮುಗಿದ ಮೇಲೆ ಚಾರ್ಟಿನ ‘ಉ’ ಮೇಲೆ ಬೆರಳಿಟ್ಟು ‘ಇದೇನು ಪುಟ್ಟ?’ ಅಂತ ಕೇಳಿ ನೋಡಿ. ಮಗು ಮತ್ತೆ ‘ಅ ಅರಸ’ದಿಂದ ಶುರು ಮಾಡಿ, ಬೆರಳಲ್ಲಿ ಎಣಿಸಿಕೊಂಡು ಅಲ್ಲಿಗೆ ಬರುತ್ತದೆ. ಎಷ್ಟೋ ಸಲ ದಾಟಿಕೊಂಡು ಮುಂದೆಯೂ ಹೋಗುತ್ತದೆ. ಹಾಡು ಬಾಯಿಗೆ ಬಂದಿದೆ, ಅಕ್ಷರ ಕಣ್ಣಿಗೆ ಬಂದಿಲ್ಲ. ವಿಡಿಯೋ ಮಾಡಿದವರನ್ನು ನಾನು ದೂರುತ್ತಿಲ್ಲ. ಆದರೆ ಆ ಆನೆ ಯಾವತ್ತೂ ಸುಮ್ಮನಾಗುವುದಿಲ್ಲ. ಮಗು ಉತ್ತರ ಹೇಳುವುದಕ್ಕೆ ಜಾಗವನ್ನೇ ಬಿಡುವುದಿಲ್ಲ.

ಈ ಕೆಲಸವನ್ನು ಸರಿಯಾಗಿ ಮಾಡಿದವರು ಅಮೆರಿಕದಲ್ಲಿದ್ದಾರೆ. 1966ರಲ್ಲಿ ನ್ಯೂಯಾರ್ಕಿನ ಒಂದು ಮನೆಯ ಊಟದ ಕೂಟದಲ್ಲಿ ಲಾಯ್ಡ್ ಮಾರಿಸೆಟ್ ಅನ್ನುವ ಮನಶ್ಶಾಸ್ತ್ರಜ್ಞ ತಮ್ಮ ಪುಟ್ಟ ಮಗಳ ವಿಷಯ ಹೇಳಿದರು. ಅವಳು ಬೆಳಗ್ಗೆ ಎದ್ದು, ಕಾರ್ಯಕ್ರಮ ಶುರುವಾಗುವ ಮುಂಚೆ ಟಿವಿಯಲ್ಲಿ ಬರುವ ಬರೀ ಪಟ್ಟೆಗಳನ್ನೂ ಕೂತು ನೋಡುತ್ತಿದ್ದಳಂತೆ. ಆ ಕೂಟದ ಆತಿಥೇಯರು ಟಿವಿ ನಿರ್ಮಾಪಕಿ ಜೋನ್ ಗ್ಯಾಂಜ್ ಕೂನಿ. ಮಕ್ಕಳು ಟಿವಿ ಜಾಹೀರಾತನ್ನು, ಬಿಯರ್ ಜಾಹೀರಾತನ್ನು ಸಮೇತ, ಬಾಯಿಪಾಠ ಹೇಳುತ್ತಾರೆ ಅಂದಮೇಲೆ ಅದೇ ದಾರಿಯಲ್ಲಿ ಅಕ್ಷರ ಯಾಕೆ ಕಲಿಸಬಾರದು ಅನ್ನುವುದು ಅವರ ಯೋಚನೆ. 1969ರ ನವೆಂಬರ್ 10ಕ್ಕೆ ‘ಸೆಸಮಿ ಸ್ಟ್ರೀಟ್’ ಅನ್ನುವ ಮಕ್ಕಳ ಗೊಂಬೆ ಕಾರ್ಯಕ್ರಮ ಟಿವಿಯಲ್ಲಿ ಶುರುವಾಯಿತು. ಬೇರೆ ಕಾರ್ಯಕ್ರಮಗಳ ಕೊನೆಗೆ ಸೋಪಿನ ಕಂಪನಿಯ ಹೆಸರು ಬರುತ್ತಿದ್ದ ಹಾಗೆ, ಇದರ ಮೊದಲ ಕಂತಿನ ‘ಪ್ರಾಯೋಜಕರು’ ಡಬ್ಲ್ಯು, ಎಸ್, ಇ ಅಕ್ಷರಗಳು ಮತ್ತು 2, 3 ಅಂಕಿಗಳು!

ಅದರ ಗೊಂಬೆಗಳನ್ನು ಎಲ್ಲರೂ ನೋಡಿದ್ದಾರೆ. ನನಗೆ ಮುಖ್ಯ ಅನ್ನಿಸುವುದು ಪರದೆಯ ಹಿಂದೆ ನಡೆದ ಕೆಲಸ. ಪ್ರಸಾರಕ್ಕೆ ಮುಂಚೆ ಒಂದು ಕಡೆ ಟಿವಿ, ಅದರ ಪಕ್ಕ ಸ್ಲೈಡ್ ಪ್ರೊಜೆಕ್ಟರ್ ಇಟ್ಟು ಮಕ್ಕಳನ್ನು ಕೂರಿಸುತ್ತಿದ್ದರು. ಪ್ರೊಜೆಕ್ಟರಿನಲ್ಲಿ ಏಳೆಂಟು ಸೆಕೆಂಡಿಗೊಂದು ಹೊಸ ಚಿತ್ರ. ಮಗು ಯಾವ ಕ್ಷಣದಲ್ಲಿ ಟಿವಿ ಬಿಟ್ಟು ಆ ಕಡೆ ತಿರುಗಿತು ಅಂತ ಒಬ್ಬರು ಕೂತು ಬರೆದುಕೊಳ್ಳುತ್ತಿದ್ದರು. ಎಲ್ಲಿ ಕಣ್ಣು ತಿರುಗಿತೋ ಆ ದೃಶ್ಯವನ್ನು ತಿದ್ದುವುದು, ಇಲ್ಲವೇ ಎಸೆಯುವುದು. ತಜ್ಞರು ‘ಗೊಂಬೆಗಳನ್ನೂ ಮನುಷ್ಯರನ್ನೂ ಒಂದೇ ದೃಶ್ಯದಲ್ಲಿ ಬೆರೆಸಬೇಡಿ, ಮಕ್ಕಳಿಗೆ ಗೊಂದಲವಾಗುತ್ತದೆ’ ಅಂದಿದ್ದರು. 1969ರ ಜುಲೈನಲ್ಲಿ ಫಿಲಡೆಲ್ಫಿಯಾದಲ್ಲಿ ಪರೀಕ್ಷೆಗೆ ತೋರಿಸಿದಾಗ ಬರೀ ಮನುಷ್ಯರಿದ್ದ ಬೀದಿಯ ದೃಶ್ಯ ಬಂದ ಕೂಡಲೇ ಮಕ್ಕಳು ಆಕಳಿಸಿದರು. ತಜ್ಞರ ಮಾತನ್ನು ಬದಿಗಿಟ್ಟು ಗೊಂಬೆಗಳನ್ನು ಬೀದಿಗೆ ಇಳಿಸಿದರು. ಎಂಟಡಿ ಎತ್ತರದ ಹಳದಿ ಹಕ್ಕಿ ಬಿಗ್ ಬರ್ಡ್ ಹುಟ್ಟಿದ್ದು ಹಾಗೆ. ಮಕ್ಕಳ ಆಕಳಿಕೆಗೆ ತಜ್ಞರ ವರದಿಗಿಂತ ಬೆಲೆ ಕೊಟ್ಟರು ನೋಡಿ, ಅದು ನನಗೆ ಇಷ್ಟವಾದದ್ದು.

ಆ ಹಕ್ಕಿ ದಡ್ಡ. ಎ ಯಿಂದ ಝಡ್ ತನಕ ಸಾಲಾಗಿ ಬರೆದದ್ದನ್ನು ನೋಡಿ ಅದು ಒಂದೇ ಉದ್ದದ ಪದ ಅಂದುಕೊಳ್ಳುತ್ತದೆ. ಇದರ ಅರ್ಥ ಏನಿರಬಹುದು ಅಂತ ತಲೆ ಕೆಡಿಸಿಕೊಂಡು ಹಾಡುತ್ತದೆ. ನೋಡುವ ನಾಲ್ಕು ವರ್ಷದ ಮಗು ‘ಅಯ್ಯೋ, ಅದು ಪದ ಅಲ್ಲ, ಎಬಿಸಿಡಿ’ ಅಂತ ಕೂಗುತ್ತದೆ. ಕಲಿಕೆ ಆಗುವುದು ಆ ಕೂಗಿನಲ್ಲಿ.

ಇನ್ನೊಂದು ತುಣುಕಿನಲ್ಲಿ ಗೊಂಬೆಯೂ ಇಲ್ಲ. ಜೇಮ್ಸ್ ಅರ್ಲ್ ಜೋನ್ಸ್ ಅನ್ನುವ ನಟ, ಬೋಳು ತಲೆ, ಗಡಸು ದನಿ. ಪರದೆ ಮೇಲೆ ಅಕ್ಷರ ಮೂಡುತ್ತದೆ, ಅವರು ಸ್ವಲ್ಪ ಹೊತ್ತು ಸುಮ್ಮನೆ ದಿಟ್ಟಿಸುತ್ತಾರೆ, ಆಮೇಲೆ ಅಕ್ಷರ ಹೇಳುತ್ತಾರೆ. ಮೊದಮೊದಲು ಮಕ್ಕಳು ಅವರು ಹೇಳಿದ ಮೇಲೆ ಹೇಳುತ್ತಿದ್ದರು. ಇನ್ನೆರಡು ಸಲ ನೋಡಿದ ಮೇಲೆ ಅವರ ಜೊತೆಗೇ ಹೇಳುತ್ತಿದ್ದರು. ಕೊನೆಗೆ ಅವರು ಬಾಯಿ ತೆರೆಯುವ ಮೊದಲೇ ಕೂಗಿಬಿಡುತ್ತಿದ್ದರು. ಎರಡು ಕ್ಷಣ ಸುಮ್ಮನಿದ್ದದ್ದಕ್ಕೆ ಅಷ್ಟು ಬೆಲೆ ಸಿಕ್ಕಿತು.

ಕಲಿತರಾ ಅಂತ ಅಳೆದೂ ನೋಡಿದ್ದಾರೆ. ಜಾಸ್ತಿ ನೋಡಿದ ಮಕ್ಕಳು ಜಾಸ್ತಿ ಕಲಿತಿದ್ದರು ಅಂತ ಮೊದಲ ವರ್ಷದ ಪರೀಕ್ಷೆಯೇ ತೋರಿಸಿತು. ಎಷ್ಟೋ ವರ್ಷದ ಮೇಲೆ ಇಬ್ಬರು ಅರ್ಥಶಾಸ್ತ್ರಜ್ಞರು ಇನ್ನೊಂದು ದಾರಿಯಿಂದ ನೋಡಿದರು. ಆಗ ಟಿವಿ ಸಿಗ್ನಲ್ ಚೆನ್ನಾಗಿ ಸಿಗುತ್ತಿದ್ದ ಊರುಗಳ ಮಕ್ಕಳು, ಸಿಗದ ಊರುಗಳವರಿಗಿಂತ, ಶಾಲೆಯಲ್ಲಿ ಹಿಂದೆ ಬೀಳದೆ ವಯಸ್ಸಿಗೆ ತಕ್ಕ ಕ್ಲಾಸಿನಲ್ಲಿರುವುದು ಹೆಚ್ಚಾಗಿತ್ತು.

ಹಾಗಂತ ಅದನ್ನೇ ಎತ್ತಿಕೊಂಡು ಬನ್ನಿ ಅಂತ ನಾನು ಹೇಳುವುದಿಲ್ಲ. ಅವರೇ ಹಾಗೆ ಮಾಡಲಿಲ್ಲ. 2006ರಲ್ಲಿ ಭಾರತಕ್ಕೆ ಬಂದಾಗ ‘ಗಲ್ಲಿ ಗಲ್ಲಿ ಸಿಮ್ ಸಿಮ್’ ಅಂತ ಹೊಸ ಹೆಸರು, ಸ್ಕೂಲ್ ಯೂನಿಫಾರ್ಮ್ ಹಾಕಿದ ಚಮ್ಕಿ, ಬೂಂಬಾ ಅನ್ನುವ ಸಿಂಹ, ಎಲ್ಲ ಇಲ್ಲಿಗೆ ಅಂತಲೇ ಮಾಡಿದರು. ಆದರೆ ಅದು ಹಿಂದಿಯದು. ಹಿಂದಿ ಗೊಂಬೆಗೆ ಕನ್ನಡ ದನಿ ಕೊಟ್ಟರೆ ಮಾತು ಕನ್ನಡವಾಗುತ್ತದೆ, ಪರದೆ ಮೇಲಿನ ಅಕ್ಷರ ಆಗುವುದಿಲ್ಲ. ಅಕ್ಷರ ಕಲಿಸುವ ಕಾರ್ಯಕ್ರಮವನ್ನು ಡಬ್ ಮಾಡುವುದಕ್ಕೇ ಆಗುವುದಿಲ್ಲ, ಅಲ್ವಾ?

ಇಂಗ್ಲಿಷಿಗೆ 26 ಅಕ್ಷರ, ‘ಇವತ್ತಿನ ಅಕ್ಷರ’ ಅಂತ ದಿನಕ್ಕೊಂದು ತೋರಿಸಿದರೆ ತಿಂಗಳಲ್ಲಿ ಒಂದು ಸುತ್ತು. ನಮಗೆ ವರ್ಣಮಾಲೆ ಮುಗಿದ ಮೇಲೆಯೇ ನಿಜವಾದ ಕೆಲಸ ಶುರು. ಕಾಗುಣಿತ ಇದೆ, ಆಮೇಲೆ ಒತ್ತು ಇದೆ. ಎಲ್ಲಿಂದ ಶುರು ಮಾಡಬೇಕು ಅನ್ನುವುದನ್ನು ನಮ್ಮ ಶಿಕ್ಷಕರೇ ಆಗಲೇ ಕಂಡುಕೊಂಡಿದ್ದಾರೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಶುರುವಾದ ನಲಿ ಕಲಿಯಲ್ಲಿ ಅ ಆ ಇ ಈ ಸಾಲು ಮೊದಲು ಬರುವುದಿಲ್ಲ. ರ, ಗ, ಸ, ದ, ಅ ಬರುತ್ತವೆ. ಈ ಐದೇ ಅಕ್ಷರ ಬಂದರೆ ಸಾಕು, ಮಗು ಸರ, ಅರಸ, ಅಗಸ, ದಸರ ಅಂತ ಓದಬಹುದು. ಗರಗಸವನ್ನೂ ಓದಬಹುದು. ಐದು ಅಕ್ಷರ ಕಲಿತ ವಾರವೇ ‘ನನಗೆ ಓದೋಕೆ ಬಂತು’ ಅಂತ ಮನೆಯಲ್ಲಿ ಹೇಳಬಹುದು. ಟಿವಿ ಕಾರ್ಯಕ್ರಮವೂ ಇದೇ ಕ್ರಮ ಹಿಡಿಯಬೇಕು. ಶಾಲೆಯಲ್ಲಿ ಒಂದು ಕ್ರಮ, ಟಿವಿಯಲ್ಲಿ ಇನ್ನೊಂದು ಕ್ರಮ ಆದರೆ ಮಗುವಿಗೆ ಸುಮ್ನೆ ತಲೆನೋವು.

ಆದರೆ ನಲಿ ಕಲಿಯಲ್ಲೂ ನನಗೆ ಒಂದು ಕೊರಗಿದೆ. ಮಗುವಿಗೆ ತೀರಾ ಬೇಕಾದ ಪದಗಳು ಯಾವುವು? ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜ, ಅಜ್ಜಿ. ಎಲ್ಲದರಲ್ಲೂ ಒತ್ತು ಇದೆ! ಪಾಠದ ಕ್ರಮದಲ್ಲಿ ಒತ್ತು ಬರುವುದು ಕೊನೆಗೆ. ಗರಗಸ ಓದಲು ಬಂದ ಮಗು ಅಮ್ಮನನ್ನು ಓದಲು ತಿಂಗಳುಗಟ್ಟಲೆ ಕಾಯಬೇಕು. ಅದರಲ್ಲೂ ಅಪ್ಪನ ಒತ್ತು ಪರವಾಗಿಲ್ಲ, ‘ಪ’ದ ತಲೆಕಟ್ಟು ತೆಗೆದು ಕೆಳಗೆ ಕೂರಿಸಿದ ಹಾಗಿದೆ. ಅಮ್ಮನ ಒತ್ತಿಗೂ ‘ಮ’ಕ್ಕೂ ಸಂಬಂಧವೇ ಕಾಣುವುದಿಲ್ಲ. ಕಾರ್ಡಿನಲ್ಲಿ ಇದನ್ನು ತೋರಿಸುವುದು ಕಷ್ಟ. ಪರದೆಯಲ್ಲಿ ಸುಲಭ. ಎರಡು ‘ಮ’ ಜೊತೆಯಲ್ಲಿ ನಡೆದು ಬರಲಿ, ಒಂದು ಕಾಲು ಜಾರಿ ಕೆಳಗೆ ಬೀಳಲಿ, ಬೀಳುವಾಗ ಮುದುಡಿಕೊಂಡು ಒತ್ತಾಗಲಿ. ಮಗು ಅದನ್ನು ಮರೆಯುವುದಿಲ್ಲ.

ಕಾಗುಣಿತವೂ ಅಷ್ಟೇ. ನಾವು ‘ಕ ಕಾ ಕಿ ಕೀ’ ಅಂತ ರಾಗವಾಗಿ ಹೇಳಿಸುತ್ತೇವೆ. ಆದರೆ ನಮ್ಮ ಲಿಪಿಯಲ್ಲಿ ಅಲ್ಲಿ ನಿಜವಾಗಿ ಒಂದು ಚಲನೆ ಇದೆ. ‘ಸ’ದ ತಲೆಕಟ್ಟು ಹೋಗಿ ಗುಡಿಸು ಬಂದು ಕೂತರೆ ‘ಸಿ’. ಪಕ್ಕದಲ್ಲಿ ಕೊಂಬು ಬಂದರೆ ‘ಸು’. ‘ವ’ಕ್ಕೆ ಇನ್ನೊಂದು ಸುತ್ತು ಸೇರಿದರೆ ‘ಮ’, ‘ರ’ದ ಹೊಟ್ಟೆಯಲ್ಲಿ ಚುಕ್ಕಿ ಇಟ್ಟರೆ ‘ಠ’. ನಮ್ಮ ತೊಗಲುಗೊಂಬೆಯಲ್ಲಿ ತಲೆ, ತೋಳು, ಕಾಲು ಬೇರೆ ಬೇರೆ ಕತ್ತರಿಸಿ ದಾರದಲ್ಲಿ ಕಟ್ಟಿರುತ್ತಾರೆ, ಅದಕ್ಕೇ ಅದು ಆಡುತ್ತದೆ. ಮೇಕೆಯ ತೊಗಲನ್ನು ಬೆಳಕು ಹಾಯುವಷ್ಟು ತೆಳ್ಳಗೆ ಕೆರೆದು, ಬಣ್ಣ ಹಚ್ಚಿ, ಸಣ್ಣ ಸಣ್ಣ ತೂತು ಕೊರೆದು ಆಭರಣ ಮಾಡುವ ಕೈಗಳಿಗೆ ಒಂದು ‘ಸ’ ಕತ್ತರಿಸಿ ಅದರ ತಲೆಕಟ್ಟನ್ನು ಬಿಚ್ಚಿ ಹಾಕುವ ಹಾಗೆ ಮಾಡುವುದು ಎಷ್ಟರ ಕೆಲಸ? ಹಿಂದಿನಿಂದ ಬೆಳಕು ಬಿಟ್ಟರೆ ಬಿಳಿ ಪರದೆಯ ಮೇಲೆ ಬಣ್ಣದ ಅಕ್ಷರ ಎದ್ದು ನಿಲ್ಲುತ್ತದೆ. ಗ್ರಾಫಿಕ್ಸಿನವರಿಗೆ ಕೊಡುವ ದುಡ್ಡು ಇವರಿಗೆ ಕೊಡಿ.

ಇನ್ನು ದಡ್ಡ ಹಕ್ಕಿಯ ಪಾತ್ರ. ಅದಕ್ಕೂ ನಾವು ಹೊರಗೆ ಹುಡುಕಬೇಕಿಲ್ಲ. ತೊಗಲುಗೊಂಬೆಯಾಟದಲ್ಲಿ ರಾಮಾಯಣ, ಮಹಾಭಾರತದ ಕತೆಯ ನಡುವೆ ನುಗ್ಗಿ ನಗಿಸುವ ಕಿಳ್ಳೇಕ್ಯಾತ ಇದ್ದಾನೆ, ಅವನ ಜೊತೆಗೆ ಬಂಗಾರಕ್ಕ ಇದ್ದಾಳೆ. ದೊಡ್ಡವರ ಆಟದಲ್ಲಿ ಅವರ ಮಾತು ಸ್ವಲ್ಪ ಪೋಲಿ, ಅದನ್ನು ಬಿಡೋಣ. ಕಿಳ್ಳೇಕ್ಯಾತ ಬೋರ್ಡ್ ನೋಡಿ ‘ಸರ’ವನ್ನು ‘ರಸ’ ಅಂತ ಓದಲಿ, ಅಂಗಡಿಗೆ ಹೋಗಿ ಸರ ಕೊಡಿ ಅನ್ನುವ ಬದಲು ರಸ ಕೇಳಲಿ, ಕೊರಳಿಗೆ ರಸ ಸುರಿದುಕೊಳ್ಳಲಿ. ಬಂಗಾರಕ್ಕ ಪರದೆಯಿಂದ ಮಕ್ಕಳ ಕಡೆ ತಿರುಗಿ ‘ಏನಂತ ಬರೆದಿದೆ, ನೀವೇ ಹೇಳಿ’ ಅಂತ ಕೇಳಿ, ಬಾಯಿ ಮುಚ್ಚಿಕೊಂಡು ಕಾಯಲಿ.

ಇದು ಕೆಲಸ ಮಾಡುತ್ತದೆ ಅಂತ ಧೈರ್ಯವಾಗಿ ಹೇಳುತ್ತೇನೆ. ನನ್ನ ತರಗತಿಯಲ್ಲಿ ಹಳೇ ಕಾಲುಚೀಲದ ಗೊಂಬೆ ಇದೆ, ಗುಂಡಿಯ ಕಣ್ಣು, ಹೆಸರು ಗುಂಡ. ಒಬ್ಬ ಹುಡುಗಿ ಇದ್ದಳು, ಮನೆಯಲ್ಲಿ ಲಂಬಾಣಿ ಮಾತಾಡುವವಳು. ನಾನು ಕೇಳಿದರೆ ಸೆರಗು ಕಚ್ಚಿದ ಹಾಗೆ ಫ್ರಾಕಿನ ತುದಿ ಕಚ್ಚಿಕೊಂಡು ನಿಲ್ಲುತ್ತಿದ್ದಳು, ಒಂದು ಅಕ್ಷರ ಹೊರಡುತ್ತಿರಲಿಲ್ಲ. ಗುಂಡ ‘ದಸರ’ವನ್ನು ‘ಸದರ’ ಅಂತ ಓದಿದ ದಿನ ಎದ್ದು ಬಂದು ಅವನ ಮೂಗು ಹಿಡಿದು ಬೋರ್ಡಿಗೆ ತಿರುಗಿಸಿದಳು. ‘ದ ಮೊದಲು! ಕಾಣಲ್ವಾ?’ ಅಂದಳು. ಟೀಚರ್ ಎದುರು ತಪ್ಪಾದರೆ ಅವಮಾನ. ಗುಂಡನ ಎದುರು ಅವಳೇ ಟೀಚರ್.

ಒಂದು ಎಚ್ಚರಿಕೆ ಬೇಕು. ಗೊಂಬೆ ಅಕ್ಷರದಲ್ಲಿ ತಪ್ಪಲಿ, ಮಾತಿನಲ್ಲಿ ಅಲ್ಲ. ಹಾಲಿಗೆ ‘ಆಲು’ ಅನ್ನುವ ಮನೆಯ ಮಕ್ಕಳು, ಕಲಬುರಗಿಯ ಮಾತಾಡುವವರು, ಕುಂದಾಪುರದ ಮಾತಾಡುವವರು, ತುಳು, ಉರ್ದು, ಕೊಂಕಣಿ, ಕೊಡವ ಮನೆಮಾತಿನವರು, ಎಲ್ಲರೂ ಇದನ್ನು ನೋಡುತ್ತಾರೆ. ದಡ್ಡ ಗೊಂಬೆಗೆ ಯಾವುದೋ ಊರಿನ ಮಾತು ಕೊಟ್ಟು, ಜಾಣ ಗೊಂಬೆಗೆ ಪಠ್ಯಪುಸ್ತಕದ ಕನ್ನಡ ಕೊಟ್ಟರೆ ಆ ಊರಿನ ಮಕ್ಕಳು ಟಿವಿ ಮುಂದೆಯೇ ತಲೆ ತಗ್ಗಿಸುತ್ತಾರೆ. ನಮ್ಮ ಸಿನಿಮಾಗಳು ಇದನ್ನು ಬೇಕಾದಷ್ಟು ಮಾಡಿವೆ. ನೀವು ಮಾಡಬೇಡಿ.

‘ಮಕ್ಕಳಿಗೆ ಟಿವಿಯೇ ಬೇಡ ಅಂತಾರಲ್ಲ?’ ಈ ಪ್ರಶ್ನೆ ಸರಿಯಾದದ್ದು. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಅದಕ್ಕೇ ಹದಿನೈದು ನಿಮಿಷ ಅಂದೆ. ಮತ್ತೆ, ಟಿವಿ ಕಾರ್ಯಕ್ರಮ ಮುಗಿಯುತ್ತದೆ. ಫೋನ್ ಮುಗಿಯುವುದಿಲ್ಲ, ಮುಂದಿನ ವಿಡಿಯೋ ತಾನಾಗಿಯೇ ಬರುತ್ತದೆ. ಡಿಡಿ ಫ್ರೀ ಡಿಶ್ ಇದ್ದರೆ ಚಂದನಕ್ಕೆ ತಿಂಗಳ ಬಾಡಿಗೆಯೂ ಇಲ್ಲ, ಡೇಟಾ ಪ್ಯಾಕೂ ಬೇಡ. ನಾಲ್ಕು ವರ್ಷದ ಮಗುವಿನ ಕೈಗೆ ಬಳಪ ಕೊಟ್ಟು ತಿದ್ದಿಸಿ ಅಂತಲೂ ನಾನು ಹೇಳುತ್ತಿಲ್ಲ. ಆಕಾರ ಕಣ್ಣಿಗೆ ಬೀಳಲಿ, ಸದ್ದು ಕಿವಿಗೆ ಬೀಳಲಿ. ಬರವಣಿಗೆ ನಿಧಾನಕ್ಕೆ ಬರುತ್ತದೆ.

ನಮಗೆ ಇದು ಹೊಸ ಸಾಹಸವೂ ಅಲ್ಲ. 1975ರ ಆಗಸ್ಟ್ 1ರಿಂದ ಒಂದು ವರ್ಷ, ಅಮೆರಿಕದ ಒಂದು ಉಪಗ್ರಹದ ಮೂಲಕ ದೇಶದ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿವಿ ಬಂದಿತ್ತು. ಇಸ್ರೋ ನಡೆಸಿದ ‘ಸೈಟ್’ (SITE), ಅಂದರೆ ಉಪಗ್ರಹದ ಮೂಲಕ ಟಿವಿ ಪಾಠದ ಪ್ರಯೋಗ ಅದು. ನಮ್ಮಲ್ಲಿ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಯ ಹಳ್ಳಿಗಳು ಅದರಲ್ಲಿದ್ದವು. ಬೆಂಗಳೂರಿನವರು ದೂರದರ್ಶನ ನೋಡುವುದಕ್ಕೂ ಮೊದಲೇ ಅಲ್ಲಿನ ಶಾಲೆ ಮಕ್ಕಳು ಬೆಳಗ್ಗೆ ಕನ್ನಡದಲ್ಲಿ ಮಕ್ಕಳ ಕಾರ್ಯಕ್ರಮ ನೋಡಿದ್ದರು! ಮುಂದಿನ ಜುಲೈಗೆ ಪ್ರಯೋಗ ಮುಗಿಯಿತು, ಉಪಗ್ರಹವನ್ನು ವಾಪಸ್ ಕಳಿಸಿದರು. ಅದೇ 1975ರ ಅಕ್ಟೋಬರ್ 2ಕ್ಕೆ ದೇಶದಲ್ಲಿ ಅಂಗನವಾಡಿ ಯೋಜನೆ ಶುರುವಾಯಿತು, ಮೊದಲ 33 ಕಡೆಗಳಲ್ಲಿ ನಮ್ಮ ತಿರುಮಕೂಡಲು ನರಸೀಪುರವೂ ಒಂದು. ಈಗ ರಾಜ್ಯದಲ್ಲಿ ಅರವತ್ತು ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಒಂದೇ ವರ್ಷ ಹುಟ್ಟಿದ ಈ ಎರಡು ಯೋಚನೆಗಳನ್ನು ಕೂಡಿಸಿ ಅನ್ನುವುದಷ್ಟೇ ನನ್ನ ಬೇಡಿಕೆ. ಕೊರೊನಾ ಕಾಲದಲ್ಲಿ ಶಾಲೆ ಮುಚ್ಚಿದಾಗ ಶಿಕ್ಷಣ ಇಲಾಖೆ ಮತ್ತು ಚಂದನ ಸೇರಿ ‘ಸಂವೇದ’ ಪಾಠ ಪ್ರಸಾರ ಮಾಡಿದ್ದವು. ಜೊತೆಗೂಡಿ ಕೆಲಸ ಮಾಡುವುದು ಗೊತ್ತಿದೆ ಅಂತಾಯಿತು.

ದುಡ್ಡಿನ ಮಾತು. ಸೆಸಮಿ ಸ್ಟ್ರೀಟ್ ಶುರುವಾಗಿದ್ದು ಸುಮಾರು 80 ಲಕ್ಷ ಡಾಲರಿನಲ್ಲಿ, ಮೊದಲ ವರ್ಷವೇ ಒಂದೊಂದು ಗಂಟೆಯ 130 ಕಂತು. ನಮಗೆ ಅಷ್ಟು ಬೇಡ. 1996ರಲ್ಲಿ ಅಮೆರಿಕದಲ್ಲೇ ಬಂದ ‘ಬ್ಲೂಸ್ ಕ್ಲೂಸ್’ ಅನ್ನುವ ಮಕ್ಕಳ ಕಾರ್ಯಕ್ರಮದವರು ಒಂದೇ ಕಂತನ್ನು ಸೋಮವಾರದಿಂದ ಶುಕ್ರವಾರದ ತನಕ ಐದೂ ದಿನ ತೋರಿಸಿದರು. ಮಕ್ಕಳಿಗೆ ಬೇಜಾರಾಗಲಿಲ್ಲ, ದಿನ ಕಳೆದ ಹಾಗೆ ಇನ್ನೂ ಜೋರಾಗಿ ಉತ್ತರ ಕೂಗಿದರು. ಅಜ್ಜಿ ಒಂದೇ ಕತೆಯನ್ನು ಹೇಳಿದಷ್ಟೂ ಸಲ ಕೇಳಿದವರಿಗೆ ಇದೇನು ಆಶ್ಚರ್ಯ ಅಲ್ಲ. ವಾರಕ್ಕೊಂದೇ ಕಂತು ಮಾಡಿ. ಮೂವತ್ತು ಕಂತಾದರೆ ಶಾಲೆಯ ಒಂದು ವರ್ಷದ ಬಹುಪಾಲು ಸಾಗುತ್ತದೆ, ಮುಂದಿನ ವರ್ಷ ಹೊಸ ಮಕ್ಕಳಿಗೆ ಅದನ್ನೇ ಹಾಕಬಹುದು.

ಉಳಿಸಿದ ದುಡ್ಡನ್ನು ಕಲಾವಿದರಿಗೆ ಕೊಡಿ. ಕೊಪ್ಪಳ ಜಿಲ್ಲೆ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು, ನಾವೆಲ್ಲ ಚಪ್ಪಾಳೆ ತಟ್ಟಿದೆವು. ಕುಂದಾಪುರದ ಹತ್ತಿರ ಉಪ್ಪಿನಕುದ್ರುವಿನಲ್ಲಿ ಯಕ್ಷಗಾನದ ಸೂತ್ರದ ಗೊಂಬೆಗಳು ತಲೆಮಾರುಗಳಿಂದ ಕುಣಿಯುತ್ತಿವೆ. ಇಂಥವರನ್ನು ಉದ್ಘಾಟನೆಯ ದಿನ ಕರೆಸಿ, ಶಾಲು ಹೊದಿಸಿ, ಹಾರ ಹಾಕಿ, ಬಸ್ ಚಾರ್ಜ್ ಕೊಟ್ಟು ಕಳಿಸುವುದಲ್ಲ. ಬರೆಯುವ ಮೇಜಿಗೆ ಕೂರಿಸಿ. ಮೊದಲೇ ಬರೆದ ಸ್ಕ್ರಿಪ್ಟನ್ನು ಅವರ ಕೈಗೆ ಕೊಟ್ಟು ‘ಇದಕ್ಕೆ ಗೊಂಬೆ ಆಡಿಸಿ’ ಅಂದರೆ ಕೆಟ್ಟು ಹೋಗುತ್ತದೆ. ಎಲ್ಲಿ ನಗು ಬರುತ್ತದೆ, ಎಷ್ಟು ಹೊತ್ತು ಗೊಂಬೆ ಸುಮ್ಮನಿರಬೇಕು, ಇದನ್ನು ಅವರಷ್ಟು ಬಲ್ಲವರು ಇಲ್ಲ. ಪಕ್ಕದಲ್ಲಿ ಇಬ್ಬರು ನಲಿ ಕಲಿ ಶಿಕ್ಷಕರು ಮತ್ತು ಒಬ್ಬ ಅಂಗನವಾಡಿ ಕಾರ್ಯಕರ್ತೆ ಇರಲಿ. ಅವರಿಗೂ ಸಂಭಾವನೆ ಇರಲಿ, ‘ಹೆಚ್ಚುವರಿ ಕರ್ತವ್ಯ’ ಅಂತ ಆದೇಶ ಹೊರಡಿಸಬೇಡಿ.

ಮೊದಲ ಮೂರು ಕಂತು ಆದ ಮೇಲೆ ಪ್ರಸಾರ ಮಾಡದೆ ನಾಲ್ಕು ಅಂಗನವಾಡಿಗೆ ತೆಗೆದುಕೊಂಡು ಹೋಗಿ. ಬೆಂಗಳೂರಿನಲ್ಲಿ ಒಂದು, ಉಳಿದದ್ದು ದೂರದ ಜಿಲ್ಲೆಗಳಲ್ಲಿ. ಅಧಿಕಾರಿಗಳು ಬಾಗಿಲ ಹೊರಗೆ ಇರಲಿ, ಇಲ್ಲದಿದ್ದರೆ ಮಕ್ಕಳು ಕೈ ಕಟ್ಟಿಕೊಂಡು ಕೂತುಬಿಡುತ್ತಾರೆ. ಒಬ್ಬರು ಮಾತ್ರ ಮೂಲೆಯಲ್ಲಿ ಕೂತು, ಯಾವ ಮಗು ಯಾವಾಗ ಎದ್ದು ಹೋಯಿತು, ಯಾವಾಗ ಕೂಗಿತು ಅಂತ ಬರೆದುಕೊಳ್ಳಲಿ. ಎದ್ದು ಹೋದ ಜಾಗವನ್ನು ಕತ್ತರಿಸಿ.

ಪ್ರಸಾರದ ಹೊತ್ತು ಬೆಳಗ್ಗೆ ಹನ್ನೊಂದಕ್ಕೆ ಒಮ್ಮೆ, ಅಂಗನವಾಡಿ ನಡೆಯುವಾಗ. ಸಂಜೆ ಆರಕ್ಕೆ ಇನ್ನೊಮ್ಮೆ, ಆಗ ಮನೆಯಲ್ಲಿ ಅಮ್ಮನೋ ಅಜ್ಜಿಯೋ ಪಕ್ಕದಲ್ಲಿ ಕೂತು ನೋಡಬಹುದು. ದಯವಿಟ್ಟು ಏಳರ ಮೇಲೆ ಇಡಬೇಡಿ. ಧಾರಾವಾಹಿ ಶುರುವಾದ ಮೇಲೆ ರಿಮೋಟ್ ಮಕ್ಕಳ ಕೈಗೆ ಸಿಗುವುದಿಲ್ಲ.

ಇಂತಿ,
ಒಬ್ಬ ನಲಿ ಕಲಿ ಶಿಕ್ಷಕಿ